ಗಡಚಿರೋಲಿಯಲ್ಲಿ ಗೆದ್ದದ್ದು ಡಾಂಬರೋ, ತುಪಾಕಿಯೋ?

ಪಿಂಪ್ರಿ ಪಾಟೀಲ: 2025ರ ಅಕ್ಟೋಬರದಾಗ ನಕ್ಸಲ್ ನಾಯಕ ಭೂಪತಿ 60 ಮಂದೀನ ಕರ್ಕೊಂಡು ಬಂದು ಮಹಾರಾಷ್ಟ್ರದ ಗಡಚಿರೋಲಿಯೊಳಗ ಮುಖ್ಯಮಂತ್ರಿ ಮುಂದ ಬಂದೂಕು ಇಟ್ಟ. ಎಲ್ಲಾರೂ ಕಮಾಂಡೋಗಳನ್ನ ಹೊಗಳಾಕತ್ತಾರ. ನಾ ಹೇಳೂದು, ಕೆಲಸ ಮಾಡಿದ್ದು ಡಾಂಬರು. ನಕ್ಸಲ್ ಜಿಲ್ಲೆಗೋಳಿಗೆ ಅಂತ 2016ರಾಗ ಕೇಂದ್ರದ ಯೋಜನೆ ಬಂತು: 44 ಜಿಲ್ಲೆ, 5,400 ಕಿ.ಮೀ. ರಸ್ತೆ, ಸುಮಾರು 11,700 ಕೋಟಿ. ಬಸ್ ಬಂತು, ಟವರ್ ಬಂತು, ಹುಡುಗ್ರು ಕಾಡು ಸೇರೂದು ಕಡಿಮಿ ಆತು. ಯಾರರ ಇಲ್ಲ ಅನ್ರಿ ನೋಡೋಣು.

ಡೊಂಬಿವ್ಲಿ ಶೆಟ್ರು: ಡಾಂಬರಲ್ಲ ಮಾರಾಯ್ರೆ, ಕಾಂಕ್ರೀಟು. ಡಾಂಬರಿನ ಅಂಚು ಅಗೆದು ಬಾಂಬ್ ಹುಗಿದು ಮೇಲೆ ಜಲ್ಲಿ ಮುಚ್ಚಿದರೆ ಗೊತ್ತೇ ಆಗುವುದಿಲ್ಲ. ಕಾಂಕ್ರೀಟು ಒಡೆದರೆ ಗುರುತು ಉಳಿಯುತ್ತದೆ. ಆದರೂ ಮೋರಿ ಇದೆಯಲ್ಲ, ಪೈಪಿನೊಳಗೆ ತುಂಬಿಸಿದರೆ ಮುಗೀತು. 2017ರ ಏಪ್ರಿಲ್ 24ಕ್ಕೆ ಛತ್ತೀಸಗಢದ ಬುರ್ಕಾಪಾಲದಲ್ಲಿ ರಸ್ತೆ ಕೆಲಸಕ್ಕೆ ಕಾವಲಿದ್ದ 25 ಜವಾನರು ಸತ್ತರು. 2019ರ ಮೇ 1ಕ್ಕೆ ನಿಮ್ಮ ಗಡಚಿರೋಲಿಯಲ್ಲೇ ರಸ್ತೆ ಕಂಟ್ರಾಕ್ಟರನ ವಾಹನ ಸುಟ್ಟರು, ಆ ಕಡೆ ಹೊರಟ 15 ಪೊಲೀಸರು ಜಾಂಭುರ್‌ಖೇಡಾದಲ್ಲಿ ಬಾಂಬಿಗೆ ಹೋದರು. ಮೊದಲು ತುಪಾಕಿ, ಆಮೇಲೆ ನಿಮ್ಮ ರೋಡು.

ಕೋಥ್ರೂಡ್ ಸುಮಾ: "ಮೊದಲು ತುಪಾಕಿ" ಅನ್ನೋರು ದಳಕ್ಕೆ, ಅಂದ್ರೆ ನಕ್ಸಲರ ತಂಡಕ್ಕೆ, ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಕೇಳೋದೇ ಇಲ್ಲ. ಬೀಡಿ ಎಲೆ ಸ್ವಾಮಿ, ತೆಂದು. 80ರ ದಶಕದಲ್ಲಿ ಕೂಲಿ ದರ ಏರಿಸಿಕೊಟ್ಟೇ ದಳದವರು ಊರೊಳಗೆ ಕಾಲಿಟ್ಟಿದ್ದು, ಆಮೇಲೆ ಗುತ್ತಿಗೆದಾರನಿಂದ ಚೀಲಕ್ಕಿಷ್ಟು ಅಂತ ವಸೂಲಿ. ಪೆಸಾ (ಆದಿವಾಸಿ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡೋ ಕಾಯ್ದೆ) ಮತ್ತು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಗ್ರಾಮಸಭೆಗಳೇ ಎಲೆ ಹರಾಜು ಹಾಕಿದ್ಮೇಲೆ ದರ ಕೊಡಿಸೋ ದೊಡ್ಡಸ್ತಿಕೆ ದಳದ ಕೈತಪ್ಪಿತು. ಗಡಚಿರೋಲಿಯ ಮೇಂಢಾ-ಲೇಖಾ ಅನ್ನೋ ಹಳ್ಳಿ ನೋಡಿ: 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು, 2011ರಲ್ಲಿ ಬಿದಿರು ಸಾಗಿಸೋ ಪಾಸ್ ಪುಸ್ತಕ ಊರಿನವರ ಕೈಗೆ. ಛತ್ತೀಸಗಢದಲ್ಲೂ ಚೀಲಕ್ಕೆ 2,500 ಇದ್ದ ದರ 4,000 ಆಗಿ ಈಗ 5,500.

ವಾಸ್ಕೋ ನಾಯ್ಕ: 5,500 ಅಂತ ಬೀಗಬೇಡಿ. ಚೀಲ ಅಂದರೆ 1,000 ಕಟ್ಟು, ಕಟ್ಟಿಗೆ 70 ಎಲೆ. 70,000 ಎಲೆ ಕಿತ್ತು ಕಟ್ಟಬೇಕು. ಎಲೆಗೆ 8 ಪೈಸೆಯೂ ಇಲ್ಲ. ಇದಕ್ಕೆ ಬಂಡಾಯ ನಿಲ್ಲುತ್ತದೆಯೇ?

ಕೋಥ್ರೂಡ್ ಸುಮಾ: ಛತ್ತೀಸಗಢದಲ್ಲಿ ಕಟ್ಟಿಗೆ 50.

ವಾಸ್ಕೋ ನಾಯ್ಕ: 70. ಇಡೀ ಮಹಾರಾಷ್ಟ್ರದಲ್ಲಿ 70.

ಕೋಥ್ರೂಡ್ ಸುಮಾ: ನಾನು ಬರೆದಿದ್ದು ಛತ್ತೀಸಗಢ ಅಂತ, ಇನ್ನೊಂದ್ಸಲ ಓದಿ. 5,500ನ್ನ 50,000ಕ್ಕೆ ಭಾಗಿಸಿದ್ರೆ 11 ಪೈಸೆ. ಅದೇ ಲೆಕ್ಕಕ್ಕೆ ಗಡಚಿರೋಲಿ ಚೀಲಕ್ಕೆ 7,700 ಸಿಗಬೇಕು. ಗಡಿಯ ಎರಡೂ ಕಡೆಯ ಚೀಲ ಒಂದೇ ಅಂದ್ಕೊಂಡು ದರ ಹೋಲಿಸೋರೆಲ್ಲ ಎಡವೋದು ಇಲ್ಲೇ.

ಡೊಂಬಿವ್ಲಿ ಶೆಟ್ರು: ಒಡಿಶಾದಲ್ಲಿ ಕಟ್ಟಿಗೆ 20. ಮಂಗಳೂರು ಬೀಡಿಯ ಊರಿನವರ ಹತ್ತಿರ ಎಲೆ ಲೆಕ್ಕ ಬೇಡ.

ವಾಸ್ಕೋ ನಾಯ್ಕ: ಒಡಿಶಾ ಯಾರು ಕೇಳಿದರು? ಲೋಕಲ್‌ನಲ್ಲಿ ನೇತಾಡಿಕೊಂಡು ಕಾಡಿನ ಲೆಕ್ಕ ಹೇಳಬೇಡಿ. ಅಕ್ಕಾ, ಮಹಾರಾಷ್ಟ್ರಕ್ಕೆ 70 ಅಂತ ನೀವೂ ಒಪ್ಪಿದಿರಿ. ಇನ್ನು ನಿಮ್ಮ ಗ್ರಾಮಸಭೆ ಹರಾಜು: ಫೆಬ್ರವರಿ-ಮಾರ್ಚಿನಲ್ಲಿ ಪೊದೆ ಸವರಿದರೆ 40-45 ದಿನಕ್ಕೆ ಮೆತ್ತಗಿನ ಎಲೆ. ಹರಾಜು ತಡವಾದರೆ ಸವರುವವರಿಲ್ಲ, ಎಲೆ ಒರಟು. ಒಣಗಲು ಹಾಕಿದಾಗ ಒಂದು ಮಳೆ ಬಿದ್ದರೆ ಕಪ್ಪು ಚುಕ್ಕೆ. ಗುತ್ತಿಗೆದಾರ ಮಾಲು ಎತ್ತಿಕೊಂಡು ಕೊನೆಯ ಕಂತು ಕೊಡದಿದ್ದರೆ ಊರಿನವರು ಯಾರನ್ನು ಹಿಡಿಯಬೇಕು?

ಕೋಥ್ರೂಡ್ ಸುಮಾ: ಕಂತು ಪೂರ್ತಿ ಬರದೆ ಗೋದಾಮಿನ ಬೀಗ ತೆಗೀಬಾರದು ಅಂತ ಕರಾರಿನಲ್ಲೇ ಬರೆಸ್ಬೇಕು. ಬರೆಸದೇ ಇರೋದು ಊರಿನವರ ತಪ್ಪು, ಹಕ್ಕಿನ ತಪ್ಪಲ್ಲ.

ಮಾಟುಂಗಾ ಜೋಶಿ: ಗೋದಾಮಿನ ಬೀಗದ ಮಾತು ಬಂತು. ಮಲಯಾದಲ್ಲಿ (ಈಗಿನ ಮಲೇಷ್ಯಾ) ಕಾಡು ಸೇರಿದ ಕಮ್ಯುನಿಸ್ಟ್ ಬಂಡುಕೋರರನ್ನು ಮಣಿಸಲು ಬ್ರಿಟಿಷರು ಹಾಕಿದ್ದೂ ಬೀಗವನ್ನೇ. 1950ರ ಬ್ರಿಗ್ಸ್ ಯೋಜನೆಯಲ್ಲಿ ಸುಮಾರು ಐದು ಲಕ್ಷ ಜನರನ್ನು ಬೇಲಿಯೊಳಗಿನ ಹೊಸ ಹಳ್ಳಿಗಳಿಗೆ ತಂದರು. ಅಕ್ಕಿ ಹೊರಗೆ ಹೋಗದಂತೆ ಅನ್ನವನ್ನು ಒಂದೇ ಕಡೆ ಬೇಯಿಸಿ ಹಂಚಿದರು. ಅಂಗಡಿಯವನು ಆಹಾರದ ಡಬ್ಬಿಗೆ ತೂತು ಹೊಡೆದೇ ಮಾರಬೇಕು, ಕೂಡಿಟ್ಟು ಕಾಡಿಗೆ ಕಳಿಸುವಂತಿಲ್ಲ. ಅದೇ ಹೊತ್ತಿಗೆ ಕೊರಿಯಾ ಯುದ್ಧದಿಂದ ರಬ್ಬರು, ತವರದ ಬೆಲೆ ಏರಿ ಕೂಲಿಯೂ ಏರಿತು. ಬೀಗ, ಕೂಲಿ ಎರಡೂ ಬೇಕು.

ಕೋಥ್ರೂಡ್ ಸುಮಾ: ಜನರನ್ನ ಬೇಲಿಯೊಳಗೆ ತರೋದು ನಮ್ಮಲ್ಲೂ ಆಯ್ತಲ್ಲ ಮೇಷ್ಟ್ರೇ, 2005ರಲ್ಲಿ ಛತ್ತೀಸಗಢದಲ್ಲಿ ನಕ್ಸಲರ ವಿರುದ್ಧ ಸರಕಾರದ ಬೆಂಬಲದಿಂದ ಎದ್ದ ಸಲ್ವಾ ಜುಡುಂನ ಶಿಬಿರ. ಅದರಿಂದ ದಳ ಬೆಳೀತು. 2011ರಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಿ ಅಂತು.

ಮಾಟುಂಗಾ ಜೋಶಿ: ನಾನು ಹೇಳಿದ್ದು ಮಲಯಾದ ಮಾತು.

ಡೊಂಬಿವ್ಲಿ ಶೆಟ್ರು: ಕೂಲಿ, ಅನುದಾನ ಅಂತ ಹೇಳುವವರಿಗೆ ಒಂದು: ಫಿಲಿಪ್ಪೀನ್ಸಿನಲ್ಲಿ ಅತಿ ಬಡ ಕಾಲು ಭಾಗದ ಪಟ್ಟಣಗಳಿಗೆ ಸರಕಾರ ದುಡ್ಡು ಕೊಟ್ಟಿತು. 2014ರಲ್ಲಿ ಬಂದ ಅಧ್ಯಯನದ ಪ್ರಕಾರ ದುಡ್ಡಿಗೆ ಅರ್ಹವಾದ ಕಡೆಯೇ ಗಲಾಟೆ ಹೆಚ್ಚಾಯಿತು, ಅದೂ ತಯಾರಿಯ ಹಂತದಲ್ಲಿ. ಯೋಜನೆ ಗೆದ್ದರೆ ತಮಗೆ ನೆಲೆಯಿಲ್ಲ ಅಂತ ಬಂಡುಕೋರರು ಮೊದಲೇ ಹೊಡೆದರು. ಅದಕ್ಕೇ ಹೇಳಿದ್ದು, ಮೊದಲು ಕಾವಲು.

ವಾಸ್ಕೋ ನಾಯ್ಕ: "ತಯಾರಿಯ ಹಂತದಲ್ಲಿ" ಅಂತ ನೀವೇ ಬರೆದಿರಿ. ಅಂದರೆ ದುಡ್ಡು ಊರಿಗೆ ಮುಟ್ಟುವ ಮೊದಲಿನ ಕಥೆ. ಮುಟ್ಟಿದ ಮೇಲಿನದು ಹೇಳಿ.

ಪಿಂಪ್ರಿ ಪಾಟೀಲ: ನನ್ನ ರಸ್ತೆ ಎಲ್ಲಿ ಹೋತ್ರಿ? ಎಲ್ಲಾರೂ ಎಲಿ ಎಣಸ್ಕೋತ ಕುಂತೀರಿ. 2010ರಾಗ ಕೇಂದ್ರದವರು ಒಂದೊಂದು ನಕ್ಸಲ್ ಜಿಲ್ಲಾಕ್ಕ 25 ಕೋಟಿ, ಮುಂದಿನ ವರ್ಷ 30 ಕೋಟಿ ಕೊಟ್ರು. ಕಲೆಕ್ಟರ್, ಎಸ್‌ಪಿ, ಅರಣ್ಯಾಧಿಕಾರಿ, ಮೂರೇ ಮಂದಿ ಕುಂತು ಖರ್ಚು ಮಾಡಿದ್ರು. ಕೆಲಸ ಜಲ್ದಿ ಆತೋ ಇಲ್ಲೋ?

ಕೋಥ್ರೂಡ್ ಸುಮಾ: ಮೂರೇ ಮಂದಿ! ಗ್ರಾಮಸಭೆ ಎಲ್ಲಿ ಪಾಟೀಲರೇ?

ಪಿಂಪ್ರಿ ಪಾಟೀಲ: ಗ್ರಾಮಸಭಾದ್ದ ಎಲಿ ಹೊತ್ತ ಲಾರಿ ಹೊಂಟಿದ್ದು ಯಾರ ರಸ್ತೆ ಮ್ಯಾಲೆ, ಸುಮಕ್ಕಾರ?

ಕೋಥ್ರೂಡ್ ಸುಮಾ: ಅದೇ ರಸ್ತೆ ಮೇಲೆ ಸುರ್ಜಾಗಡ ಗಣಿಯ ಕಬ್ಬಿಣದ ಅದಿರಿನ ಲಾರಿನೂ ಹೋಗ್ತಿತ್ತು. 2016ರ ಡಿಸೆಂಬರಿನಲ್ಲಿ ಒಂದೇ ದಿನ 70ಕ್ಕೂ ಹೆಚ್ಚು ಲಾರಿ ಸುಟ್ಟರು. ಎಲೆ ಊರಿನವರದ್ದು, ಅದಿರು ಯಾರದ್ದು ಅಂತ ಕೇಳ್ಕೊಳ್ಳಿ.

ಡೊಂಬಿವ್ಲಿ ಶೆಟ್ರು: ಕಾವಲು ಇರಲಿಲ್ಲ, ಸುಟ್ಟರು. ನಾನು ಹೇಳಿದ್ದೂ ಅದನ್ನೇ ಅಲ್ವಾ.

ವಾಸ್ಕೋ ನಾಯ್ಕ: ಫಿಲಿಪ್ಪೀನ್ಸಿನ ಉತ್ತರ ಬಾಕಿ ಇದೆ ಶೆಟ್ರೇ. ಮತ್ತೆ, ಕಟ್ಟಿಗೆ 70.