ಓದುಗರ ಸ್ಪಂದನ: ಪೇಟಿ ಮೇಲೆ ಇಸ್ತ್ರಿ ಬಟ್ಟೆ

ಕಳೆದ ಸಂಚಿಕೆಯ ಸಮಸ್ಯೆ: ನಾನು ಕಲಬುರಗಿಯಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಗಳು, ವಯಸ್ಸು 36. ಎರಡು ವರ್ಷ ಕ್ಲಾಸಿಗೆ ಹೋಗಿ ಹಾರ್ಮೋನಿಯಂ (ನಮ್ಮ ಕಡೆ ಪೇಟಿ) ಕಲಿತೆ. ಕ್ಲಾಸ್ ಬಿಟ್ಟ ಮೇಲೆ ಒಬ್ಬಳೇ ಕೂತು ನುಡಿಸಲು ಮನಸ್ಸೇ ಬರುವುದಿಲ್ಲ. ಈಗ ಪೇಟಿ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಿದ್ದೇವೆ. ಯಾರ ಮುಂದಾದರೂ ನುಡಿಸಿದರೆ ಹುಮ್ಮಸ್ಸು ಬರುತ್ತೆ ಅಂತಾರೆ. ನಿಜಾನಾ?

ತಂಗೀ, ಮೊದಲು ಆ ಬಟ್ಟೆ ತೆಗೆದಿಡು. ನನ್ನ ಪೇಟಿ ಮೇಲೆ ಟೇಬಲ್ ಫ್ಯಾನ್ ಇತ್ತು, ನಾಲ್ಕು ವರ್ಷ. ನಮ್ಮೂರ ಗುಡಿಯಲ್ಲಿ ಶ್ರಾವಣ ತಿಂಗಳು ದಿನಾ ರಾತ್ರಿ ಭಜನೆ. ಒಂದು ವರ್ಷ ಪೇಟಿ ಬಾರಿಸುವವರು ಮಗಳ ಊರಿಗೆ ಹೋದರು. ನನ್ನನ್ನು ಹಿಡಿದು ಕೂರಿಸಿಬಿಟ್ಟರು. ನಾನು ಕಲಿತಿದ್ದೆಲ್ಲ ಬಿಳಿ ಒಂದರಲ್ಲಿ, ಅಂದರೆ ಮೊದಲ ಬಿಳಿ ಮನೆಯನ್ನು (ಕೀ) ಸ ಮಾಡಿಕೊಂಡು. ಹಾಡುವ ಮುತ್ಯಾ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಎತ್ತಿದ್ದು ಕರಿ ಎರಡರಲ್ಲಿ. ಎಡಗೈಯಿಂದ ಗಾಳಿ ಹಾಕುತ್ತಾ, ಬಲಗೈ ಬೆರಳು ಮನೆಗಳ ಮೇಲೆ ಸುಮ್ನೆ ಇಟ್ಟುಕೊಂಡು ಇಡೀ ಪದ ಕಳೆದೆ. ತಾಳ, ದಮ್ಮಡಿ ಸಪ್ಪಳದಲ್ಲಿ ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ. ಮುಗಿದ ಮೇಲೆ ಮುತ್ಯಾ ನನ್ನ ಕಿವಿ ಹತ್ತಿರ ಬಾಗಿ, 'ಇವತ್ತು ಪೇಟಿಗೆ ಉಪವಾಸ ಏನಪ್ಪಾ?' ಅಂದರು.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಕರಿ ಎರಡು ಹಿಡಿದೆ. ಯಾರೂ ಎಬ್ಬಿಸಲಿಲ್ಲ. ರಾತ್ರಿ ಮತ್ತೆ ಅವರ ಪಕ್ಕದಲ್ಲೇ ಕೂರಬೇಕಿತ್ತಲ್ಲ! ಶ್ರಾವಣ ಮುಗಿಯುವಷ್ಟರಲ್ಲಿ ಇಂಥ ನಾಲ್ಕು ಪಟ್ಟಿ, ಅಂದರೆ ಶ್ರುತಿ, ಕೈಗೆ ಬಂದವು. ನಿಮ್ಮ ಓಣಿ ಕಡೆ ಅಕ್ಕನ ಬಳಗ ಇದ್ದರೆ ಹೋಗಿ ಕೇಳು. ವಚನ ಹಾಡುವವರು ಸಿಗ್ತಾರೆ, ಪೇಟಿ ಹಿಡಿಯುವವರು ಕಡಿಮೆ.
– ನಿವೃತ್ತ ಅಂಚೆ ನೌಕರ, ಆಳಂದ ತಾಲ್ಲೂಕು

ನನ್ನ ಅನುಭವ ಬೇರೆ. ಮಗ ಕೀಬೋರ್ಡ್ ಕಲಿಯುತ್ತಿದ್ದ. ಮನೆಗೆ ಯಾರು ಬಂದರೂ 'ಆ ಹಾಡು ಬಾರಿಸಪ್ಪಾ' ಅನ್ನುತ್ತಿದ್ದೆ. ಬಂದವರು ಚಹಾ ಕುಡಿಯುತ್ತಾ ಕೇಳುವುದು, ಅರ್ಧಕ್ಕೇ ಹೊಲದ ಮಾತಿಗೆ ಹೊರಳುವುದು. ಅವನು ಒಂದೇ ಹಾಡನ್ನು ಎರಡು ವರ್ಷ ಬಾರಿಸಿದ. ಆಮೇಲೆ ಗೇಟಿನ ಸಪ್ಪಳ ಕೇಳಿದರೆ ಸಾಕು, ಹಿತ್ತಲಿಗೆ ಓಡುತ್ತಿದ್ದ. ತಪ್ಪು ನನ್ನದೇ. ಈಗ ಕಾಲೇಜಿನಲ್ಲಿ ಗೆಳೆಯರು ಹಾಡಿದರೆ ಬಾರಿಸ್ತಾನಂತೆ. ನನಗೆ ಮಾತ್ರ ಬರಬೇಡ ಅಂದಿದ್ದಾನೆ. ಯಾರಿಗೆ ನುಡಿಸಬೇಕು ಅನ್ನೋದನ್ನ ನೀವೇ ಆರಿಸಿಕೊಳ್ಳಿ, ಮನೆಯವರಿಗೆ ಬಿಡಬೇಡಿ.
– ಗೃಹಿಣಿ, ಬೀದರ್

ನಾನು ತಬಲಾ ಕಲಿಸುತ್ತೇನೆ, ಪೇಟಿಯವರ ಪಕ್ಕದಲ್ಲೇ ಜೀವನ ಕಳೆದಿದೆ. ಹಾಡುವವರ ಜೊತೆ ಕೂರುವ ಮೊದಲು ಒಂದು ಚಟ ಬಿಡಬೇಕು. ತಪ್ಪಿದ ಕೂಡಲೇ ನಿಲ್ಲಿಸಿ ಮೊದಲಿನಿಂದ ಶುರು ಮಾಡುವುದು. ಒಬ್ಬರೇ ಇದ್ದಾಗ ಎಲ್ಲರೂ ಹೀಗೇ ಮಾಡ್ತಾರೆ. ಹಾಡುವವರು ನಿಮಗಾಗಿ ನಿಲ್ಲುವುದಿಲ್ಲ, ಅಲ್ವಾ? ಭಜನೆಗೆ ಬಾರಿಸುವ ತಬಲಾ ನಡೆ, ಭಜನಿ ಠೇಕಾಕ್ಕೆ ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಮೊಬೈಲಿನಲ್ಲಿ ನಿಧಾನ ಲಯದ ತಬಲಾ ಹಚ್ಚಿಕೊಳ್ಳಿ. ಒಂದೇ ಪದ ಹಿಡಿಯಿರಿ. ಸ್ವರ ತಪ್ಪಿದರೆ ತಪ್ಪಲಿ, ಗಾಳಿ ನಿಲ್ಲಿಸಬೇಡಿ, ಮುಂದಿನ ಸಮ್‌ಗೆ (ತಾಳದ ಮೊದಲ ಎಣಿಕೆ) ಬಂದು ಸೇರಿಕೊಳ್ಳಿ. ಶುರುವಿಗೆ ಭೂಪಾಲಿ ರಾಗ ಒಳ್ಳೆಯದು: ಸ ರಿ ಗ ಪ ದ, ಐದೇ ಸ್ವರ. ಅದನ್ನೇ ಮೂರು ಪಟ್ಟಿಯಲ್ಲಿ ತಿರುಗಿಸಿ ನುಡಿಸಿ.

ಪೇಟಿಯೂ ಒಂದು ವಾದ್ಯವಾ ಅಂತ ಮೂಗು ಮುರಿಯುವವರು ಸಿಗಬಹುದು. 1940ರಲ್ಲಿ ಆಕಾಶವಾಣಿಯೇ ಅದನ್ನು ಹೊರಗಿಟ್ಟಿತ್ತು. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ ಅನ್ನೋದು ದೂರು. ದೂರು ಸುಳ್ಳೇನಲ್ಲ. ಆದರೂ ಭಜನೆ ಮಂದಿ ಪೇಟಿ ಬಿಟ್ಟರಾ?

ಇನ್ನೊಂದು ಮಾತು. ದಿನಾ ಹತ್ತು ನಿಮಿಷ ಯಾರೂ ಕೇಳದ ಅಲಂಕಾರ (ಸ್ವರಗಳ ಅಭ್ಯಾಸ ಪಾಠ) ಇರಲಿ. ಬರೀ ಭಜನೆಗೆ ನುಡಿಸಿದವರು ಅದೇ ಐದು ಪದದಲ್ಲಿ ಹತ್ತು ವರ್ಷ ಕಳೆದಿದ್ದನ್ನ ಕಂಡಿದ್ದೇನೆ. ಬೆರಳು ಒಮ್ಮೆ ತಪ್ಪು ದಾರಿ ಹಿಡಿದರೆ ತಿದ್ದುವುದು ಬಹಳ ಕಷ್ಟ.
– ತಬಲಾ ಶಿಕ್ಷಕ, ಕಲಬುರಗಿ

ನಮ್ಮ ಮನೆಯಲ್ಲಿ ಕೇಳುವವಳು ಅವ್ವ ಒಬ್ಬಳೇ. ಸಂಜೆ ಅಡುಗೆಮನೆ ಹೊಸ್ತಿಲ ಹತ್ತಿರ ಕೊಳಲು ಹಿಡಿದು ಕೂರುತ್ತೇನೆ, ಅವಳು ಒಳಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಶಾಣ್ಯಾ, ಭೇಷ್ ಅಂತ ಒಂದು ದಿನವೂ ಅಂದಿಲ್ಲ. ಎರಡು ದಿನ ಒಂದೇ ನುಡಿಸಿದರೆ 'ನಿನ್ನೆ ಪಲ್ಯಾನೇ ಬಿಸಿ ಮಾಡಿದಿಯೇನು?' ಅಂತಾಳೆ. ಅದಕ್ಕೆ ಹೆದರಿಯೇ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹೊಸದೇನಾದರೂ ಕೈಗೆ ಹತ್ತಿಸಿಕೊಳ್ಳುತ್ತೇನೆ. ಕಳೆದ ವಾರ ಬೇಜಾರಾಗಿ ಎರಡು ದಿನ ಕೊಳಲು ಮುಟ್ಟಲಿಲ್ಲ. ಮೂರನೇ ಸಂಜೆ ಹಿಟ್ಟು ನಾದುತ್ತಾ, ತಲೆ ಎತ್ತದೆ ಕೇಳಿದಳು: 'ಕೊಳಲಿಗೆ ಗೆದ್ದಲು ಹತ್ಯಾವೇನೋ?'
– ಕಿರಾಣಿ ಅಂಗಡಿಯವ, ಶಹಾಪುರ