ಪದಚರ್ಚೆ: ಪೀಪಾಯಿಯಲ್ಲಿ ಮಾಗಿದ ಕಪ್ಪು ಬಿಯರಿಗೆ ಒಗರು, ಕಾವು, ಘಾಟು

ಪ್ರಶ್ನೆ, ಪುಣೆಯಿಂದ:

ನಮಸ್ಕಾರ. ಇಲ್ಲಿನ ಕನ್ನಡಿಗರ ಕೂಟವೊಂದಕ್ಕೆ ಇಂಪೀರಿಯಲ್ ಸ್ಟೌಟ್ ಎಂಬ ಕಡು ಕಪ್ಪು ಬಿಯರಿನ ರುಚಿಚೀಟಿಯನ್ನು (ಕುಡಿದವರು ರುಚಿ, ವಾಸನೆ ಗುರುತಿಸಿ ಬರೆಯುವ ಚೀಟಿ) ಕನ್ನಡದಲ್ಲೇ ಮಾಡುತ್ತಿದ್ದೇವೆ. ಬಿಯರಿನಲ್ಲಿ ಮದ್ಯಸಾರ ಶೇ. 11. ಅಮೆರಿಕದ ಬೋರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಯಲ್ಲಿ 9 ತಿಂಗಳು ಇದ್ದದ್ದು. ಮೂರು ಕಡೆ ಪದ ಸಿಕ್ಕಿಹಾಕಿಕೊಂಡಿದೆ.

ಮೊದಲನೆಯದು ಬಾಯಿಯ ದೊರಗು. ಕರಡಿನಲ್ಲಿ ಎಲ್ಲಕ್ಕೂ ‘ಕಹಿ’ ಎಂದೇ ಬರೆದಿದೆ. ಇದು ತಪ್ಪು ಎಂದು ನನ್ನ ಗಟ್ಟಿ ಅಭಿಪ್ರಾಯ. ಕಹಿ ಬರುವುದು ಬಿಯರಿಗೆ ಹಾಕುವ ಹಾಪ್ ಹೂವಿನಿಂದ ಮತ್ತು ಕಪ್ಪಗೆ ಹುರಿದ ಬಾರ್ಲಿಯಿಂದ. ಪೀಪಾಯಿಯ ಮರ ಕೊಡುವುದು ಟ್ಯಾನಿನ್ ಎಂಬ ರಾಸಾಯನಿಕ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಜೊಲ್ಲಿನ ಜಾರುವಿಕೆಯನ್ನೇ ತೆಗೆದುಬಿಡುತ್ತದೆ. ನಾಲಗೆಯನ್ನು ಅಂಗುಳಕ್ಕೆ ಉಜ್ಜಿದರೆ ತರಿತರಿ ಅನ್ನಿಸುತ್ತದೆ. ಕಹಿ ರುಚಿಯಾದರೆ ಇದು ಸ್ಪರ್ಶ. ಎಳೆ ಬಾಳೆಕಾಯಿ ಕಚ್ಚಿದಾಗ ಆಗುವ ‘ಒಗರು’ ಇದೇ. ಆದರೆ ಪುಣೆಯಲ್ಲೇ ಬೆಳೆದವರಿಗೆ ‘ಒಗರು’ ಬಾರದು, ಅವರು ಮರಾಠಿಯ ‘ತುರಟ್’ ಅನ್ನುತ್ತಾರೆ. ಪಟಿಕಕ್ಕೆ ಮರಾಠಿಯಲ್ಲಿ ‘ತುರಟಿ’ ಎಂಬ ಹೆಸರಿರುವುದರಿಂದ ಅವರಿಗೆ ಅದು ತಟ್ಟನೆ ಹತ್ತುತ್ತದೆ. ‘ಒಗರು’ ಬಿಡದೆ ಅವರಿಗೂ ತಿಳಿಯುವಂತೆ ಹೇಗೆ ಬರೆಯುವುದು?

ಎರಡನೆಯದು, ನುಂಗಿದ ಮೇಲೆ ಗಂಟಲಿಂದ ಎದೆಗೆ ಇಳಿಯುವ ಮದ್ಯಸಾರದ ಬಿಸಿ. ‘ಖಾರ’ ಎಂದರೆ ಮೆಣಸಿನಕಾಯಿ ನೆನಪಾಗುತ್ತದೆ. ಮೂರನೆಯದು, ಪೀಪಾಯಿಯಲ್ಲಿ ಇಟ್ಟದ್ದಕ್ಕೆ ‘ವಯಸ್ಸಾದ ಬಿಯರು’ ಎಂಬ ಅನುವಾದ. ಓದಿದರೆ ಕುಡಿಯುವ ಆಸೆಯೇ ಹೋಗುತ್ತದೆ.

ಉತ್ತರ, ಮಡಗಾವಿಯಿಂದ:

ನಮಸ್ಕಾರ ಸರ್. ಕೊನೆಯದರಿಂದ ಶುರುಮಾಡುತ್ತೇನೆ. ‘ಮಾಗಿದ’ ಎಂದು ಬರೆಯಿರಿ. ಹುಲ್ಲಿನಲ್ಲಿಟ್ಟ ಮಾವು ಮಾಗುತ್ತದೆ. ಹೊರಗಿನಿಂದ ಏನೂ ಸುರಿಯದೆ, ಇಟ್ಟ ಜಾಗದಿಂದಲೇ ಆಗುವ ಬದಲಾವಣೆ ಅದು. ‘ಹಳಸಿದ’ ಕೆಟ್ಟದ್ದು, ‘ಹುದುಗಿದ’ ಯೀಸ್ಟಿನ ಕೆಲಸ, ಅದು ಪೀಪಾಯಿಗೆ ಹೋಗುವ ಮೊದಲೇ ಮುಗಿದಿರುತ್ತದೆ. ‘ಮರದ ಪೀಪಾಯಿ’ ಎಂದು ಬಿಡಿಸಿಯೇ ಹೇಳಿ. ‘ಪೀಪಾಯಿ’ ಪೋರ್ಚುಗೀಸರ ‘ಪೀಪಾ’, ಅವರಿಗೆ ಅದು ಮರದ್ದೇ. ಈಗ ನಮ್ಮಲ್ಲಿ ಟಾರಿನ ಕಬ್ಬಿಣದ ಡ್ರಮ್ಮಿಗೂ ಅದೇ ಹೆಸರು.

ಬಿಸಿಗೆ ಎರಡು ಪದ ಬೇಕು, ಒಂದು ಸಾಲದು. ಎದೆಯನ್ನು ಮೆಲ್ಲಗೆ ಬೆಚ್ಚಗೆ ಮಾಡುವುದು ‘ಕಾವು’, ಅದು ಗುಣ. ಮೂಗಿಗೆ ಅಡರುವುದು ‘ಘಾಟು’. ಒಗ್ಗರಣೆಯ ಮೆಣಸಿನಕಾಯಿ, ಹೊಗೆಸೊಪ್ಪು, ಆಗತಾನೆ ಇಳಿಸಿದ ಫೆನ್ನಿ ಎಲ್ಲಕ್ಕೂ ಘಾಟು ಇದೆ. ಫೆನ್ನಿಗೆ ಅದು ಒಪ್ಪುತ್ತದೆ, ಶೇ. 11ರ ಸ್ಟೌಟಿಗೆ ಅದು ದೋಷ. ಹುದುಗುವಾಗ ಉಷ್ಣತೆ ಮಿತಿಮೀರಿ ಏರಿದರೆ ಹೀಗಾಗುತ್ತದೆ; ಪೀಪಾಯಿಯಲ್ಲಿ ಎಷ್ಟು ಇಟ್ಟರೂ ಪೂರ್ತಿ ಹೋಗುವುದಿಲ್ಲ. ಘಾಟಿನ ಜೊತೆ ಉಗುರುಬಣ್ಣದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್ ಎಂಬ ರಾಸಾಯನಿಕ. ವಿನೆಗರಿನ ಹುಳಿಯೂ ಸೇರಿದರೆ ಪೀಪಾಯಿಯೊಳಗೆ ಗಾಳಿ ಹೋಗಿದೆ ಎಂದರ್ಥ. ಪುಣೆಯ ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಖಾಲಿ ಪೀಪಾಯಿಯ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ತುಂಬುವ ಮುನ್ನ ಬಿಸಿನೀರು ಹಾಕಿ ಒಂದು ದಿನ ಬಿಟ್ಟು, ಹಲಗೆ ಉಬ್ಬಿ ಸೋರುವುದು ನಿಂತಿತೇ ಎಂದು ನೋಡಲೇಬೇಕು. ಚೀಟಿಯಲ್ಲಿ ಇಂಥ ಹುಳಿಯನ್ನು ‘ಹುಳಿನಾತ’ ಎಂದು ನೇರವಾಗಿ ಬರೆದರೆ ಯಾರೂ ಅದನ್ನು ಹುಣಸೆಯ ಹುಳಿ ಎಂದುಕೊಳ್ಳುವುದಿಲ್ಲ.

ಇನ್ನು ಒಗರು. ಪದ ಬದಲಿಸಬೇಡಿ, ಬಾಯಿಗೇ ಕಲಿಸಿ. ಮೇಜಿನ ಮೇಲೆ ಎರಡು ಬಟ್ಟಲು ಇಡಿ, ಮೊದಲನೆಯದು ಕಹಿಗೆ, ಎರಡನೆಯದು ಒಗರಿಗೆ. ಒಂದರಲ್ಲಿ ಹಾಲು, ಸಕ್ಕರೆ, ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಡಿಕಾಕ್ಷನ್, ಅಷ್ಟೇ ನೀರು ಬೆರೆಸಿದ್ದು. ಇನ್ನೊಂದರಲ್ಲಿ 200 ಮಿ.ಲೀ. ಬಿಸಿನೀರಿಗೆ ಕಾಲು ಚಮಚ ಅಳಲೆಕಾಯಿ ಪುಡಿ. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಅಳಲೆಯದನ್ನು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿಯಬೇಕು, ಕುಡಿಯುವುದು ಬೇಡ, ಹೊಟ್ಟೆ ಸಡಿಲವಾದೀತು. ಹತ್ತು ಎಣಿಸಿ ನಾಲಗೆಯನ್ನು ಅಂಗುಳಕ್ಕೆ ತಾಗಿಸಿದರೆ ಒಗರು ಯಾವುದು ಎಂದು ಯಾರಿಗೂ ಹೇಳಬೇಕಾಗಿಲ್ಲ. ಒಗರಿಗೆ ಎಲೆಅಡಿಕೆಯ ಕಾಚಿಗಿಂತ ಅಳಲೆಕಾಯಿ ಒಳ್ಳೆಯದು ಎನ್ನಲು ಕಾರಣವಿದೆ: ಓಕಿನ ಟ್ಯಾನಿನ್ನೂ ಅಳಲೆಯ ಟ್ಯಾನಿನ್ನೂ ಒಂದೇ ಜಾತಿಯವು. ಕಾಚಿನದು ಬೇರೆ ಜಾತಿ.

ಆದರೆ ಒಗರೆಲ್ಲ ಮರದ್ದಲ್ಲ. ಬಿಯರು ಮಾಡುವಾಗ ನೆನೆಸಿದ ಕಾಳಿನಲ್ಲಿ ಉಳಿದ ಸಿಹಿರಸವನ್ನು ತೊಳೆದು ಇಳಿಸುವ ನೀರು 77 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಅಥವಾ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) 6 ದಾಟಿದರೆ, ಬಾರ್ಲಿಯ ಸಿಪ್ಪೆಯಿಂದಲೇ ಒಗರು ಇಳಿಯುತ್ತದೆ. ಅದಕ್ಕೆ ಪೀಪಾಯಿಗೆ ಹಾಕುವ ಮೊದಲೇ ಎತ್ತಿಟ್ಟ ಒಂದು ಬಾಟಲಿ ಪಕ್ಕದಲ್ಲಿರಲಿ. ಅದರಲ್ಲೂ ಅಷ್ಟೇ ಒಗರಿದ್ದರೆ ‘ಮರದ ಒಗರು’ ಎಂದು ಬರೆಯಬಾರದು, ‘ಸಿಪ್ಪೆಯ ಒಗರು’ ಎನ್ನಿ.

ಲೋಟಕ್ಕೆ 100 ಮಿ.ಲೀ. ಸಾಕು, ಬಾಯಿ ಕಿರಿದಾದ ಗಾಜಿನದ್ದಿರಲಿ. ಕುಡಿಸುವಾಗ 12ರಿಂದ 14 ಡಿಗ್ರಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಟ್ಟರೆ ಒಗರೂ ಕಹಿಯೂ ಮುಂದೆ ನಿಂತು ಸಿಹಿ, ಘಮ ಎರಡೂ ಮುದುಡುತ್ತವೆ. 20 ದಾಟಿದರೆ ಘಾಟು ಏರುತ್ತದೆ. ಒಂದೇ ಬಿಯರಿಗೆ ಇಬ್ಬರು ಬೇರೆ ಬೇರೆ ಪದ ಬರೆಯುವುದು ಬಹುಪಾಲು ಇದರಿಂದಲೇ.

ಕೊನೆಗೆ, ನೀವು ಕೇಳದಿದ್ದರೂ ಒಂದು ಮಾತು. ‘ಮರದ ರುಚಿ’ ಎಂಬ ಸಾಲು ಚೀಟಿಯಲ್ಲಿ ಇದ್ದರೆ ಹೊಡೆದುಹಾಕಿ, ಮರದಿಂದ ಬರುವ ವಾಸನೆಗಳನ್ನು ಬಿಡಿಬಿಡಿಯಾಗಿ ಹೆಸರಿಸಿ. ಅಮೆರಿಕದ ಕಾನೂನಿನಂತೆ ಬೋರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯೇ ಆಗಬೇಕು, ರೂಢಿಯಲ್ಲಿ ಅದು ಪೀಪಾಯಿ. ಆ ಸುಟ್ಟ ಪದರದ ಹಿಂದಿನ ಮರದಿಂದ ಬಿಯರಿಗೆ ವೆನಿಲಾ, ಲವಂಗ, ಮತ್ತು ಲ್ಯಾಕ್ಟೋನ್ ಎಂಬ ಓಕಿನ ರಾಸಾಯನಿಕದ ತೆಂಗಿನ ವಾಸನೆ ಬರುತ್ತವೆ. ಈ ಕೊನೆಯದಕ್ಕೆ ‘ತೆಂಗಿನಕಾಯಿ’ ಬೇಡ. ಹಸಿ ಕಾಯಿತುರಿಯ ಹಾಲಿನ ವಾಸನೆ ಅದರಲ್ಲಿಲ್ಲ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಒಣ ಕೊಬ್ಬರಿಯದಿದೆ. ‘ಕೊಬ್ಬರಿ’ ಎಂದೇ ಬರೆಯಿರಿ. ಬೆಲ್ಲದ ಕಪ್ಪು ಸಿಹಿಗೆ ‘ಕಾಕಂಬಿ’, ಒಣಹಣ್ಣಿನದಕ್ಕೆ ‘ಉತ್ತತ್ತಿ’.