ಲೇಬರ್ ರೂಮಿಗೆ ಅಮ್ಮನನ್ನು ಬಿಡ್ತಾರಾ? ಪ್ರಸೂತಿ ತಜ್ಞೆಗೆ ಕೇಳಿದ್ದು

ಪ್ರಶ್ನೆ: ನಮಸ್ತೆ ಮೇಡಂ. ನನಗೀಗ ಎಂಟು ತಿಂಗಳು, ಚೊಚ್ಚಲ ಹೆರಿಗೆ. ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸುತ್ತಿದ್ದೇನೆ. ಒಳಗೆ ಒಬ್ಬಳನ್ನೇ ಮಲಗಿಸುತ್ತಾರೆ, ಕೂಗಿದರೆ ಬೈತಾರೆ ಅಂತ ಎಲ್ಲರೂ ಹೆದರಿಸುತ್ತಾರೆ. ಅಮ್ಮ ಜೊತೆಗಿರಬಹುದಾ?

ಉತ್ತರ: ಇರಬಹುದಮ್ಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ಕೊಡಿ ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಜೊತೆಗಿರುವವರು ಮನೆಯ ಹೆಂಗಸಾಗಿರಬೇಕು, ಹೆತ್ತು ಗೊತ್ತಿದ್ದವರಾದರೆ ಒಳ್ಳೆಯದು. ಅಂಟುರೋಗ ಇರಬಾರದು, ಬಟ್ಟೆ ಶುಭ್ರವಾಗಿರಬೇಕು, ಹೆರಿಗೆ ಮುಗಿಯುವವರೆಗೂ ಇರಬೇಕು. ಪಕ್ಕದ ಬೆಡ್ಡಿನವರ ಉಸಾಬರಿಗೆ ಹೋಗಬಾರದು. ನಮ್ಮ ಅಮ್ಮಂದಿರಿಗೆ ಇದೊಂದೇ ಕಷ್ಟ! ಪರದೆ, ಮರೆ ಸರಿಯಾಗಿರುವ ಕಡೆ ಗಂಡನನ್ನೂ ಬಿಡಬಹುದು. ಆದರೆ ಜಾಗ ಇಲ್ಲ ಅಂತ ಬಾಗಿಲಲ್ಲೇ ತಡೆಯುವುದೂ ಉಂಟು. ಆದ್ದರಿಂದ ಮುಂದಿನ ಚೆಕಪ್‌ಗೆ ಹೋದಾಗಲೇ ಸಿಸ್ಟರ್ ಹತ್ತಿರ ಮಾತಾಡಿಡಿ. ನೋವು ಶುರುವಾದ ಮೇಲೆ ವಾದ ಮಾಡೋಕಾಗಲ್ಲ.

ಬೈಯುವುದು ಸುಳ್ಳು ಅನ್ನಲಾರೆ. ನಾನು ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದಾಗ ನನ್ನ ಹೆರಿಗೆಯೂ ಆಯಿತು. ನೋವಲ್ಲಿ ಟೇಬಲ್ಲಿನ ಕಂಬಿ ಹಿಡಿದು ಮಲಗಿದ್ದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಪರೀಕ್ಷೆ ಮಾಡಿದ ಹುಡುಗಿ ನನ್ನ ಮುಖ ನೋಡಲಿಲ್ಲ, ಸಿಸ್ಟರ್ ಕಡೆ ತಿರುಗಿ "ನಾಲ್ಕನೇ ಟೇಬಲ್, ಆರು ಸೆಂಟಿಮೀಟರ್" ಅಂದಳು. ಅವಳಿಗೆ ಹಾಗೆ ಹೇಳೋದು ಕಲಿಸಿದವಳು ನಾನೇ! ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಅಂತಲೂ ಪಾಠ ಮಾಡುತ್ತಿದ್ದೆ. ಎಲ್ಲರಿಗೂ ಆ ಲೆಕ್ಕ ಹಿಡಿಯಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಈಗ ನನ್ನ ರೌಂಡ್ಸ್‌ನಲ್ಲಿ ಮೊದಲು ಹೆಸರು ಹಿಡಿದು ಮಾತಾಡಿಸಬೇಕು, ಕೇಳಿ ಮುಟ್ಟಬೇಕು, ಸೆಂಟಿಮೀಟರ್ ಆಮೇಲೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಪ್ರಸೂತಿ ವಿಭಾಗದಲ್ಲೇ ಪಿಜಿ (ಎಂಬಿಬಿಎಸ್ ಆದಮೇಲಿನ ಓದು) ಎರಡನೇ ವರ್ಷ. ಈಗ ಐದು ತಿಂಗಳು. ರಜೆ ಕೇಳಿದರೆ "ಈಗಲೇ ಬೇಕಿತ್ತಾ?" ಅಂತಾರೆ.

ಉತ್ತರ: ದಿನಾ ಹೆರಿಗೆ ಮಾಡಿಸುವವರೇ ಹೀಗೆ ಕೇಳ್ತಾರಲ್ಲ! ಪಿಜಿಗಳಿಗೂ ಹೆರಿಗೆ ರಜೆ ಇದೆ, ಅದು ಯಾರೂ ಮಾಡುವ ಉಪಕಾರ ಅಲ್ಲ. ಆದರೆ ಹಾಜರಾತಿ ಕಡಿಮೆಯಾದರೆ ಟ್ರೈನಿಂಗ್ ಮುಂದಕ್ಕೆ ಹೋಗಬಹುದು, ಪರೀಕ್ಷೆಯೂ ತಪ್ಪಬಹುದು. ಲೆಕ್ಕ ಈಗಲೇ ಕೇಳಿ ಇಟ್ಟುಕೊಳ್ಳಿ. ಥೀಸಿಸ್ ಡೇಟಾ ರಜೆಗೆ ಮುಂಚೆ ಆದಷ್ಟು ಮುಗಿಸಿ. ಕೂಸು ಮಲಗಿದಾಗ ಬರೀತೀನಿ ಅಂದುಕೊಂಡಿದ್ದೆ ನಾನು. ಕೂಸು ಮಲಗಲೇ ಇಲ್ಲ, ರಿಸರ್ಚ್ ಪೇಪರ್ ಆಗಲಿಲ್ಲ, ಪ್ರಮೋಷನ್ನೂ ತಡವಾಯಿತು. ರಜೆ ಅರ್ಜಿ, ನೈಟ್ ಡ್ಯೂಟಿ ವಿಷಯ ಎರಡನ್ನೂ ಬರೆದು ಕೊಡಿ, ಸಹಿ ಹಾಕಿಸಿ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಓದಿ ಹೇಳಿದೆ. ಪಕ್ಕದ ಬೆಡ್ಡಿನ ಮಾತಿಗೆ ಮಾತ್ರ "ನೋಡೋಣ" ಅಂದರು.